ಆಷಾಢದ ಸ್ಟೆಪ್ ಕಟ್

ದಪ್ಪ ಜಡೆಗೆ ಕತ್ತರಿ ಹಾಕಿದರೆ ಕಚಕ್ಕನೆ ಸದ್ದಾಗುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಾಗುವುದಿಲ್ಲ. ಹಸು ಒಣಗಿದ ರಾಗಿ ಹುಲ್ಲನ್ನು ನಿಧಾನವಾಗಿ ಅಗಿಯುವಾಗ ಕರಕರ ಎಂದು ಬರುತ್ತದಲ್ಲ, ಅಂಥ ಸದ್ದು. ಕತ್ತರಿ ನಡುವೆ ಸಿಕ್ಕಿಕೊಳ್ಳುತ್ತದೆ. ಮತ್ತೆ ಬಾಯಿ ಬಿಡಿಸಿ ಮುಂದುವರಿಸಬೇಕು. ತೊಂಬತ್ತರ ದಶಕದ ಕೊನೆಯ ಒಂದು ಆಷಾಢದ ಮಧ್ಯಾಹ್ನ, ಅರಸೀಕೆರೆಯ ನನ್ನ ಬ್ಯೂಟಿ ಪಾರ್ಲರ್‌ನಲ್ಲಿ ಆ ಸದ್ದು ಸುಮಾರು ಒಂದು ನಿಮಿಷ ನಡೆಯಿತು. ಸ್ಟೇಷನ್ನಿನಲ್ಲಿ ಗೂಡ್ಸ್ ಗಾಡಿ ಶಂಟಿಂಗ್ ಆಗುತ್ತಿದ್ದಿರಬೇಕು, ಆ ಹೊತ್ತಿಗೆ ದಿನವೂ ಆಗುತ್ತಿತ್ತು. ಅದು ನನ್ನ ಕಿವಿಯಲ್ಲಿ ಉಳಿದಿಲ್ಲ.

ನಮ್ಮ ಯಜಮಾನರು ರೈಲ್ವೆಯಲ್ಲಿದ್ದರು. ಕಾನ್ವೆಂಟಿನಲ್ಲಿ ಹನ್ನೊಂದು ವರ್ಷ ಓದಿದ ನನಗೆ ಇಂಗ್ಲಿಷ್ ಬರುತ್ತಿತ್ತು, ಪಿಯಾನೋದಲ್ಲಿ ಎರಡು ಟ್ಯೂನ್ ಬರುತ್ತಿತ್ತು, ಬೆನ್ನು ನೆಟ್ಟಗಿಟ್ಟುಕೊಂಡು ಕೂರುವುದು ಬರುತ್ತಿತ್ತು. ಅರಸೀಕೆರೆಯಲ್ಲಿ ಈ ಮೂರಕ್ಕೂ ಗಿರಾಕಿ ಇರಲಿಲ್ಲ. ನಲವತ್ತು ದಾಟಿದ ಮೇಲೆ ಬೆಂಗಳೂರಿನಲ್ಲಿ ಮೂರು ತಿಂಗಳು ಬ್ಯೂಟಿಷಿಯನ್ ಕೋರ್ಸ್ ಮಾಡಿಕೊಂಡು ಬಂದು, ಮನೆಯ ಮುಂದಿನ ರೂಮಿನಲ್ಲಿ ಎರಡು ಕುರ್ಚಿ, ಒಂದು ಉದ್ದ ಕನ್ನಡಿ ಹಾಕಿದೆ. ಕೊಬ್ಬರಿ ಮಂಡಿಯವರ ಮನೆ ಹೆಂಗಸರು ಮೊದಲು ಬಾಗಿಲಲ್ಲಿ ನಿಂತು ಇಣುಕಿದರು, ಆಮೇಲೆ ಒಳಗೆ ಬಂದರು.

ವರ್ಷಕ್ಕೆರಡು ಸಲ ಒಂದು ಕ್ರೀಮಿನ ಕಂಪನಿಯವರು ನಮ್ಮಂಥವರನ್ನೆಲ್ಲ ಬೆಂಗಳೂರಿಗೆ ಕರೆಸಿ ಸೆಮಿನಾರ್ ಮಾಡುತ್ತಿದ್ದರು. ಅಲ್ಲಿ ಪಾಠ ಹೇಳುತ್ತಿದ್ದಾಕೆ ಪ್ರತಿ ಸಲವೂ ಒಂದೇ ಮಾತಿನಿಂದ ಶುರು ಮಾಡುತ್ತಿದ್ದಳು: ಬಾಗಿಲ ಮೇಲಿನ ಬೋರ್ಡನ್ನು ಯಾರೂ ಓದುವುದಿಲ್ಲ, ನಿಮ್ಮ ತಲೆಯನ್ನು ಓದುತ್ತಾರೆ, ಸೀಸನ್ ಬದಲಾದಾಗ ಮೊದಲು ನೀವು ಬದಲಾಗಿ. ನನಗೆ ಈ ಮಾತು ಬಹಳ ಹಿಡಿಸಿತ್ತು. ಯೂನಿಫಾರ್ಮ್ ಇನ್‌ಸ್ಪೆಕ್ಷನ್‌ಗೆ ಸಾಲಾಗಿ ನಿಂತು ಬೆಳೆದವಳು ನಾನು. ಡಿಸಿಪ್ಲಿನ್ ಎಂದರೆ ಸಾಕು, ಅದರಲ್ಲೇನೋ ಪುಣ್ಯವಿದೆ ಎನ್ನಿಸಿಬಿಡುತ್ತಿತ್ತು.

ಊರಿಗೆ ಬಂದು ಕನ್ನಡಿಯ ಪಕ್ಕ ಒಂದು ಚಾರ್ಟ್ ಅಂಟಿಸಿದೆ. ಯುಗಾದಿಯಿಂದ ಜ್ಯೇಷ್ಠ ಮುಗಿಯುವ ತನಕ ಮದುವೆ ಸೀಸನ್: ನಮ್ಮ ಕೂದಲು ಎತ್ತಿ ಕಟ್ಟಬೇಕು, ತಿಳಿ ಬಣ್ಣದ ಕಾಟನ್ ಸೀರೆ, ಮದುಮಗಳಿಗಿಂತ ನಾವು ಎದ್ದು ಕಾಣಬಾರದು. ಶ್ರಾವಣದಿಂದ ದೀಪಾವಳಿಗೆ ಹಬ್ಬದ ಸೀಸನ್: ಮರೂನ್ ಲಿಪ್‌ಸ್ಟಿಕ್, ಸೀರೆಗೆ ಒಪ್ಪುವ ಸ್ಟಿಕ್ಕರ್ ಬಿಂದಿ. ಚಳಿಗಾಲಕ್ಕೆ ಮೆಹಂದಿ ಹಚ್ಚಿದ ಕೆಂಪು ಕೂದಲು. ಇವುಗಳ ನಡುವೆ ಆಷಾಢ ಬರುತ್ತಿತ್ತು. ಮದುವೆ ಇಲ್ಲ, ಹಬ್ಬ ಇಲ್ಲ, ಕುರ್ಚಿಗಳು ಖಾಲಿ. ಆ ಖಾಲಿ ತಿಂಗಳಲ್ಲೇ ಪಾರ್ಲರ್‌ನವರು ಒಬ್ಬರ ತಲೆಯ ಮೇಲೆ ಇನ್ನೊಬ್ಬರು ಹೊಸ ಕಟ್ ಕಲಿತು, ಶ್ರಾವಣಕ್ಕೆ ಬಾಗಿಲು ತೆರೆಯುವಾಗ ಹೊಸಬರಾಗಿ ನಿಂತಿರಬೇಕು. ಅದು ನನ್ನ ರೂಲ್. ನಾನೂ ಮೀರುತ್ತಿರಲಿಲ್ಲ. ಉದ್ದ ಕೂದಲು ಹೋಗಿ ಬಾಬ್ ಬಂತು, ಹುಬ್ಬು ವರ್ಷ ವರ್ಷ ತೆಳ್ಳಗಾಗುತ್ತಾ ಪೆನ್ಸಿಲಿನಲ್ಲಿ ಬರೆದುಕೊಳ್ಳುವ ಹಾಗಾಯಿತು. ಯಜಮಾನರು ಪೇಪರಿನಿಂದ ತಲೆಯೆತ್ತಿ, "ಈ ಸಲ ಯಾರಮ್ಮ ಬಂದಿರೋದು ನಮ್ಮನೆಗೆ?" ಎನ್ನುತ್ತಿದ್ದರು.

ಪಾರ್ಲರ್ ಎಂದರೆ ನಾನು ಮತ್ತು ನನ್ನ ಸಹಾಯಕ್ಕಿದ್ದ ಅವಳು, ಇಬ್ಬರೇ. ಅವಳು ಬೇಲೂರಿನಾಚೆ ಗೆಂಡೆಹಳ್ಳಿಗೆ ಸೊಸೆಯಾಗಿ ಹೋದವಳು. ಗಂಡ ತೆಂಗಿನಕಾಯಿ ಲೋಡಿನ ಲಾರಿಯಲ್ಲಿ ಹೋಗುವಾಗ ಅಪಘಾತದಲ್ಲಿ ತೀರಿಕೊಂಡಿದ್ದ. ಮಗಳನ್ನು ಅತ್ತೆಮಾವನ ಹತ್ತಿರ ಬಿಟ್ಟು, ಅರಸೀಕೆರೆಯಲ್ಲಿ ಒಂದು ರೂಮು ಹಿಡಿದು ನನ್ನಲ್ಲಿ ಕೆಲಸಕ್ಕೆ ಸೇರಿದಾಗ ಅವಳಿಗೆ ಇಪ್ಪತ್ತೇಳೋ ಇಪ್ಪತ್ತೆಂಟೋ. ಹುಬ್ಬಿಗೆ ದಾರ ಹಾಕುವುದನ್ನು ನಾನು ಕಲಿಸಿದೆ, ಆರು ತಿಂಗಳಲ್ಲಿ ನನ್ನನ್ನು ಮೀರಿಸಿದಳು. ದಾರದ ಒಂದು ತುದಿ ಹಲ್ಲಿನಲ್ಲಿ ಕಚ್ಚಿ, ಎರಡು ಕೈಯಲ್ಲಿ ಅದನ್ನು ಸರಸರ ಆಡಿಸಿದರೆ ಗಿರಾಕಿಗೆ ಕಣ್ಣೀರು ಬರುವುದರೊಳಗೆ ಹುಬ್ಬು ಮುಗಿದಿರುತ್ತಿತ್ತು. ಯಾರಾದರೂ ನಡುವೆ ಮಾತು ತೆಗೆದರೆ ನನ್ನದೇ ಪಾಠವನ್ನು ನನ್ನದೇ ಧಾಟಿಯಲ್ಲಿ ಹೇಳುತ್ತಿದ್ದಳು: "ಮಾತಾಡ್‌ಬೇಡಿ ಮೇಡಂ, ಚರ್ಮ ಅಲ್ಲಾಡುತ್ತೆ."

ಅವಳ ಜಡೆ ಸೊಂಟ ದಾಟಿ ಇಳಿಯುತ್ತಿತ್ತು. ಹಿಂದಿನ ಆಷಾಢದಲ್ಲಿ ನನ್ನ ತಲೆಯ ಮೇಲೆ ಅವಳು ಕಲಿತಿದ್ದಳು, ಅವಳ ಜಡೆಯನ್ನು ನಾನು ಮುಟ್ಟಿರಲಿಲ್ಲ. ತಿಂಗಳಿಗೊಂದು ಮಂಗಳವಾರ, ಪಾರ್ಲರ್ ರಜೆಯ ದಿನ, ಬಸ್ಸು ಹತ್ತಿ ಮಗಳನ್ನು ನೋಡಿ ಬರುತ್ತಿದ್ದಳು. ಮಗು ಹಾಲು ಬಿಟ್ಟಾಗಿನಿಂದ ಆ ಜಡೆಯನ್ನು ಕೈಗೆ ಸುತ್ತಿಕೊಂಡೇ ಮಲಗುತ್ತಿತ್ತಂತೆ. "ನಾನು ಎದ್ದು ಬರೋದು ಗೊತ್ತಾಗ್‌ಬಾರ್‌ದು ಅಂತ ಬೆರಳು ಒಂದೊಂದೇ ಬಿಡಿಸ್ತೀನಿ ಮೇಡಂ" ಎಂದು ಒಂದು ಸಲ ಹೇಳಿದ್ದಳು.

ಆ ವರ್ಷ ಮಗಳಿಗೆ ಆರು ತುಂಬಿತ್ತು. ಅರಸೀಕೆರೆಯ ಸ್ಕೂಲಿಗೆ ಸೇರಿಸಿ ತನ್ನ ಜೊತೆ ಇಟ್ಟುಕೊಳ್ಳಬೇಕೆಂದು ಅವಳು ಎರಡು ವರ್ಷದಿಂದ ಅತ್ತೆಯನ್ನು ಕೇಳುತ್ತಿದ್ದಳು. ಕೊನೆಗೆ ಅತ್ತೆ ಮಣಿದಿದ್ದರು. ಆಷಾಢದಲ್ಲಿ ಮಗುವನ್ನು ಮನೆಯಿಂದ ಕಳಿಸುವುದು ಬೇಡ, ನೀನೂ ಬಂದು ಹೋಗಿ ಅದರ ಮನಸ್ಸು ಕದಡಬೇಡ. ಶ್ರಾವಣದ ಮೊದಲ ಸೋಮವಾರ ಬಾ, ನಿನ್ನ ಮೇಡಮ್ಮನವರನ್ನೂ ಕರ್ಕೊಂಡು ಬಾ, ನಾವೊಂದು ಸಲ ಅವರನ್ನು ನೋಡಿ ಮಗೀನ ಕಳಿಸ್ತೀವಿ ಎಂದಿದ್ದರು. ಸ್ಕೂಲಿನ ಸಿಸ್ಟರ್ ಹತ್ತಿರ ನಾನೇ ಇಂಗ್ಲಿಷಿನಲ್ಲಿ ಮಾತಾಡಿ, ತಡವಾಗಿ ಸೇರಿಸಲು ಸೀಟು ಹಿಡಿಸಿದ್ದೆ.

ಅದೇ ಬೇಸಿಗೆಯಲ್ಲಿ ಬಸ್ ಸ್ಟ್ಯಾಂಡ್ ಹತ್ತಿರ ಇನ್ನೊಂದು ಪಾರ್ಲರ್ ಶುರುವಾಯಿತು. ಅಲ್ಲಿ ಕೆಲಸಕ್ಕಿದ್ದ ಹುಡುಗಿ ಬೆಂಗಳೂರಿನವಳು, ಕೂದಲಿಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಸ್ಟೆಪ್ ಕಟ್ ಮಾಡಿಸಿದ್ದಳು. ನಮ್ಮ ಗಿರಾಕಿಗಳು ಒಬ್ಬೊಬ್ಬರಾಗಿ ಆ ಕಡೆ ಹೋಗತೊಡಗಿದರು. ಒಂದು ದಿನ ಕೊಬ್ಬರಿ ಮಂಡಿಯವರ ಮನೆ ಸೊಸೆಯೊಬ್ಬಳು ನನ್ನ ಕುರ್ಚಿಯಲ್ಲೇ ಕೂತು, ಇವಳ ಜಡೆಯನ್ನು ನೋಡಿ ನಕ್ಕಳು. "ನಿಮ್ಮ ಹುಡುಗೀನೇ ನಿಮ್ಮ ಕತ್ತರಿಗೆ ತಲೆ ಕೊಡಲ್ಲ. ನಾವು ಕೊಡಬೇಕಾ ಆಂಟಿ?"

ತಮಾಷೆಗೆ ಅಂದದ್ದು. ನನಗೆ ಚುಚ್ಚಿತು.

ಆಷಾಢ ಹುಟ್ಟಿದ ವಾರ ನಾನು ಅವಳಿಗೆ ಹೇಳಿದೆ, ಈ ಸಲ ನಿನಗೆ ಸ್ಟೆಪ್ ಕಟ್, ಭುಜದ ತನಕ. ಅವಳು ಟವೆಲ್ ಮಡಚುತ್ತಿದ್ದವಳು ಮಡಚುತ್ತಲೇ ಇದ್ದಳು.

"ಇದೊಂದು ಆಷಾಢ ಬಿಟ್‌ಬಿಡಿ ಮೇಡಂ. ಮಗು ಬಂದ್‌ಬಿಡ್ಲಿ. ದೀಪಾವಳಿಗೆ ಬೋಳ್ಸಿ ಅಂದ್ರೂ ಬೋಳಿಸ್ಕತ್ತೀನಿ."

"ರೂಲ್ ಈಸ್ ಎ ರೂಲ್ ಕಣೇ. ನಾನು ಮಾಡಿಕೊಂಡಿಲ್ವಾ?"

"ನಿಮ್ಗೆ ಸಾರ್ ಅವ್ರೆ ಮೇಡಂ."

ಅವಳು ಹೇಳಿದ್ದರ ಅರ್ಥ ನನಗೆ ಆಗಲೇ ಆಗಿತ್ತು. ಗಂಡನಿಲ್ಲದ ಇಪ್ಪತ್ತೊಂಬತ್ತರ ಹೆಂಗಸು ಹಠಾತ್ತನೆ ಕೂದಲು ಕತ್ತರಿಸಿಕೊಂಡು ಬಂದರೆ ಹಳ್ಳಿಯಲ್ಲಿ ಏನೆನ್ನುತ್ತಾರೆ ಎಂಬುದು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಅರ್ಥವಾಗದವಳಂತೆ ನಾನು ಚಾರ್ಟಿನ ಕಡೆ ಕೈ ತೋರಿಸಿದೆ. ಎರಡು ದಿನ ನಾನು ಅವಳ ಜೊತೆ ಕೆಲಸದ ಮಾತು ಬಿಟ್ಟು ಬೇರೇನೂ ಆಡಲಿಲ್ಲ. ಕಾನ್ವೆಂಟಿನಲ್ಲಿ ನಮ್ಮನ್ನು ದಾರಿಗೆ ತರುತ್ತಿದ್ದದ್ದೂ ಹಾಗೆಯೇ. ಮೂರನೆಯ ದಿನ ಮಧ್ಯಾಹ್ನ ಅವಳು ತಾನಾಗಿಯೇ ಕುರ್ಚಿಯಲ್ಲಿ ಬಂದು ಕೂತು, ಜಡೆಯನ್ನು ಕುರ್ಚಿಯ ಹಿಂದಕ್ಕೆ ಹಾಕಿದಳು.

ಆಮೇಲೆ ಆ ಸದ್ದು.

ಮುಗಿದ ಮೇಲೆ ಕತ್ತಿನ ಹಿಂದೆ ಕೈ ಆಡಿಸಿಕೊಂಡು, "ತಣ್ಣಗಾಗ್‌ಬಿಡ್ತು" ಎಂದಳು. ಕನ್ನಡಿಯಲ್ಲಿ ತಲೆಯನ್ನು ಅತ್ತಿತ್ತ ತಿರುಗಿಸಿ ಕೂದಲು ಕುಣಿಯುವುದನ್ನು ನೋಡಿದಳು, ಒಂದು ಗಳಿಗೆ ನಕ್ಕಳು ಕೂಡ. ಆ ನಗುವನ್ನು ನಾನು ಬಹಳ ವರ್ಷ ಸಾಕ್ಷಿಯಂತೆ ಇಟ್ಟುಕೊಂಡಿದ್ದೆ, ಅವಳಿಗೂ ಇಷ್ಟವಾಗಿತ್ತು ಎಂದು. ಇಷ್ಟವಾಗಿದ್ದಿರಬಹುದು. ಅವಳು ಕೇಳಿದ್ದು ಇಷ್ಟದ ಮಾತಲ್ಲ, ದೀಪಾವಳಿಯ ತನಕ ಸಮಯ.

ಜಡೆಯ ಎರಡೂ ತುದಿಗೆ ರಬ್ಬರ್ ಬ್ಯಾಂಡ್ ಹಾಕಿ, ಪೇಪರಿನಲ್ಲಿ ಸುತ್ತಿ ಡ್ರಾಯರ್‌ನಲ್ಲಿಟ್ಟೆ. ಆ ತಿಂಗಳು ನಾಲ್ಕು ಹುಡುಗಿಯರು ಇವಳ ತಲೆ ತೋರಿಸಿ, "ಇದೇ ಥರ" ಎಂದರು. ಸೆಮಿನಾರಿನವಳ ಮಾತು ನಿಜವೆಂದು ನಾನು ಹಿಗ್ಗಿದೆ.

ಶ್ರಾವಣ ಹತ್ತಿರ ಬಂದ ಹಾಗೆ ಅವಳ ಮಾತು ಕಡಿಮೆಯಾಯಿತು. ಅವಳ ಮುಖ ನೋಡಿ ನನಗೂ ಒಳಗೆ ಇರುಸುಮುರುಸು. ಆಗ ನನಗೊಂದು ಐಡಿಯಾ ಬಂತು. ಮದುಮಕ್ಕಳಿಗೆ ಮೊಗ್ಗಿನ ಜಡೆ ಹಾಕುವಾಗ ಕೂದಲು ಸಾಲದಿದ್ದರೆ ಚೌರಿ ಸೇರಿಸಿ ಕಟ್ಟುವುದು ನಮ್ಮ ದಿನನಿತ್ಯದ ಕೆಲಸ. ಅವಳ ಕೂದಲು ಡ್ರಾಯರ್‌ನಲ್ಲೇ ಇತ್ತು. ಎರಡು ಸಂಜೆ ಕೂತು ನಾನೇ ಅದನ್ನು ಎಳೆ ಎಳೆಯಾಗಿ ಹೊಲಿದು ಚೌರಿ ಮಾಡಿದೆ. ಅವಳ ತಲೆಗೆ ಇಟ್ಟು ನೋಡಿದರೆ ಬಣ್ಣ, ಹೊಳಪು ಎಲ್ಲ ಕೂಡಿಕೊಂಡಿತು. ಅವಳದೇ ಅಲ್ಲವೇ.

"ಹೇಳ್‌ಬಿಡೋಣ ಮೇಡಂ" ಎಂದಳು ಕನ್ನಡಿಯೊಳಗಿಂದ. "ಅತ್ತೆ ಬೈತಾರೆ. ಒಂದು ಗಂಟೆ ಬೈದು ಸುಮ್ಕಾಗ್ತಾರೆ. ನಂಗೊತ್ತು ಅವ್ರ ಬುದ್ಧಿ."

"ಫಸ್ಟ್ ಇಂಪ್ರೆಷನ್ ಕಣೇ. ಪ್ರೆಸೆಂಟಬಲ್ ಆಗಿ ಹೋಗೋಣ. ಮಗು ಬಂದ ಮೇಲೆ ನಿಧಾನಕ್ಕೆ ಹೇಳಿದ್ರಾಯ್ತು."

ಎರಡು ಸಲವೂ ಅವಳು ಸರಿಯಾದದ್ದನ್ನೇ ಹೇಳಿದ್ದಳು. ಎರಡು ಸಲವೂ ಗೆದ್ದವಳು ನಾನು.

ಆ ಸೋಮವಾರ ಬೆಳಿಗ್ಗೆ ಚೌರಿಯನ್ನು ಜಡೆ ಹೆಣೆದು, ಅವಳ ಕೂದಲಿಗೆ ಒಂಬತ್ತು ಪಿನ್ ಹಾಕಿ ಕೂರಿಸಿದೆ. ಹಳೇಬೀಡಿನ ಮೇಲೆ ಬೇಲೂರು, ಅಲ್ಲಿಂದ ಇನ್ನೊಂದು ಬಸ್ಸು. ದಾರಿಯುದ್ದಕ್ಕೂ ಅವಳು ಬೆನ್ನನ್ನು ಸೀಟಿಗೆ ಒರಗಿಸಲಿಲ್ಲ. ನಾನು ಖುಷಿಯಾಗಿದ್ದೆ. ಎಷ್ಟು ನೆಟ್ಟಗೆ ಕೂತಿದ್ದಾಳೆ ನೋಡು, ನನ್ನ ಟ್ರೇನಿಂಗ್, ಎಂದುಕೊಂಡೆ.

ಅತ್ತೆ ಜಗಲಿಯಲ್ಲಿ ಹುರುಳಿ ಕೇರುತ್ತಿದ್ದರು. ಮೊರ ಪಕ್ಕಕ್ಕಿಟ್ಟು ಎದ್ದರು. "ಬನ್ರವ್ವ, ಕೂತ್ಕಳಿ. ಬಿಸ್ಲಲ್ಲಿ ಬಂದೀರಿ." ನನ್ನ ಬಾಬ್ ಕಟ್ಟನ್ನೂ, ತುಟಿಯ ಬಣ್ಣವನ್ನೂ ನೋಡಿದರು. ಸೊಸೆಯನ್ನು ತಲೆಯಿಂದ ಕಾಲತನಕ ನೋಡಿ, "ಸೊರಗೀಯ" ಎಂದಷ್ಟೇ ಅಂದು ಕಾಫಿಗೆ ಒಳಗೆ ಹೋದರು. ಮಾವ ಕಂಬಕ್ಕೆ ಒರಗಿ ಕೂತಿದ್ದರು, ಮೈದುನ ಸೈಕಲ್ ಒರೆಸುತ್ತಿದ್ದ. ಬಾಗಿಲ ಪಕ್ಕದಲ್ಲಿ ಒಂದು ತಗಡಿನ ಪೆಟ್ಟಿಗೆ ಇತ್ತು. ಅದರ ಮೇಲೆ ಹೊಸ ಸ್ಲೇಟು, ಅದರ ಮೇಲೆ ಮಡಚಿಟ್ಟ ರಿಬ್ಬನ್ನು. ಅಂದರೆ ಅವರು ಕಳಿಸಲು ತಯಾರಾಗಿಯೇ ಕೂತಿದ್ದರು.

"ನಿಮ್ತಾವ ಚೆಂದಾಗಿ ಕೆಲ್ಸ ಮಾಡ್ತಾಳಾ ಇವ್ಳು?" ಎಂದರು ಅತ್ತೆ, ಲೋಟ ನನ್ನ ಕೈಗೆ ಕೊಡುತ್ತಾ.

"ಬಹಳ ಚೆನ್ನಾಗಿ ಮಾಡ್ತಾಳೆ."

"ಮಗೀಗೆ ರಾತ್ರಿ ಕೆಮ್ಮು ಬತ್ತದೆ. ಬೆಲ್ಲದ ಕಾಪಿ ಕೊಡ್ಬೇಕು. ಅವ್ಳಿಗೂ ಯೋಳೀವ್ನಿ, ನೀವೂ ಒಸಿ ನೋಡ್ಕಳಿ."

ನಾನು ತಲೆಯಾಡಿಸಿದೆ. ಅಷ್ಟರಲ್ಲಿ ಮಗು ಪಕ್ಕದ ಮನೆಯಿಂದ ಓಡಿ ಬಂತು. ಬಂದದ್ದೇ ಅಮ್ಮನ ಮುಖ ನೋಡಲಿಲ್ಲ, ಬೆನ್ನ ಹಿಂದೆ ಹೋಗಿ ಜಗಲಿ ಹತ್ತಿ, ಜಡೆಯನ್ನು ಎರಡು ಸುತ್ತು ಮುಂಗೈಗೆ ಸುತ್ತಿಕೊಂಡು ಕೆನ್ನೆಗೆ ಒತ್ತಿಕೊಂಡಿತು. ಅವಳು ಅಲ್ಲಾಡದೆ ಕೂತಳು. ಕಣ್ಣು ಮಾತ್ರ ನನ್ನ ಕಡೆ ಬಂತು. ನನಗೆ ಆಗ ಹೊಳೆಯಿತು. ನಾನು ಪಿನ್ ಹಾಕಿದ್ದು ಮದುಮಗಳಿಗೆ ಹಾಕುವ ಹಾಗೆ. ಮದುಮಗಳ ಜಡೆಯನ್ನು ಎಲ್ಲರೂ ನೋಡುತ್ತಾರೆ, ಯಾರೂ ಎಳೆಯುವುದಿಲ್ಲ.

"ಪೆಟ್ಟಿಗೆ ತೋರುಸ್ತೀನಿ ಬಾರವ್ವ" ಎಂದು ಮಗು ಜಗಲಿಯಿಂದ ಕೆಳಗೆ ಧುಮುಕಿತು. ಜಡೆ ಅದರ ಕೈಯ ಜೊತೆಗೇ ಹೋಯಿತು.

ಮಗು ಕೈಯಲ್ಲಿದ್ದದ್ದನ್ನು ನೋಡಿತು, ಅಮ್ಮನ ತಲೆ ನೋಡಿತು. ಆಮೇಲೆ ಅದನ್ನು ಎರಡೂ ಕೈಯಲ್ಲಿ ಹಿಡಿದು ಅಮ್ಮನ ಕಡೆ ಚಾಚಿತು. "ಅವ್ವ, ನಿಂದು ಬಿದ್ದೋಯ್ತು. ತಕ."

ಅತ್ತೆ ಎದ್ದು ಬಂದು ಅದನ್ನು ಮುಟ್ಟಿ ನೋಡಿದರು. "ಯಾರ್ದು ಇದು?"

"ನಂದೇ ಅತ್ತೆ."

"ನಿಂದಾದ್ರೆ ನಿನ್ ತಲೇಲಿ ಇರ್‌ಬೇಕಿತ್ತಲ್ಲ ಅತ್ಗೆ" ಎಂದು ಮೈದುನ ನಕ್ಕ. ಮಾವ ಅವನ ಕಡೆ ನೋಡಿದ ಮೇಲೆ ನಗು ನಿಲ್ಲಿಸಿದ.

ಈಗ ನಾನು ಎದ್ದು ನಿಂತು ಒಂದು ಮಾತು ಹೇಳಬೇಕಿತ್ತು. ಕತ್ತರಿಸಿದ್ದು ನಾನು, ಅವಳು ಬೇಡವೆಂದಳು. ಕಟ್ಟಿದ್ದೂ ನಾನು, ಅವಳು ಹೇಳಿಬಿಡೋಣ ಎಂದಳು. ಇಷ್ಟೇ. ನಾನು ಬೆನ್ನು ನೆಟ್ಟಗೆ ಮಾಡಿಕೊಂಡು, ಫಂಕ್ಷನ್ನಿನಲ್ಲಿ ಭಾಷಣ ಮಾಡುವ ಹಾಗೆ ಹೇಳಿದೆ: "ನೋಡಿ ಅಮ್ಮ, ನಮ್ಮ ಪ್ರೊಫೆಷನ್‌ನಲ್ಲಿ ಇದೆಲ್ಲ ಕಾಮನ್. ಸೀಸನ್‌ಗೆ ತಕ್ಕ ಹಾಗೆ ನಾವು ಬದಲಾಗಬೇಕಾಗುತ್ತೆ."

ಅತ್ತೆ ನನ್ನನ್ನು ಬಹಳ ಹೊತ್ತು ನೋಡಿದರು. ಸಿಟ್ಟು ಇರಲಿಲ್ಲ. ನನ್ನನ್ನು ಅಳೆದು ಮುಗಿಸಿದ ಹಾಗಿತ್ತು. ಸೊಸೆಯ ಕಡೆ ತಿರುಗಿದರು.

"ಕತ್ರುಸ್ಕಂಡಿದ್ಕಲ್ಲ ಕಣವ್ವ. ಬೈತಿದ್ದೆ, ಸುಮ್ಕಾಗ್ತಿದ್ದೆ. ಕೂದ್ಲು ಬೆಳೀತದೆ. ಕಟ್ಕಂಡ್ ಬಂದ್ಯಲ್ಲ, ನಮ್ ಕಣ್ಗೆ ಮಣ್ಣೆರ್ಚಾಕೆ, ಅದ್ಕೆ. ಅಲ್ಲಿ ಕುಂತ್ಕಂಡು ಇನ್ನೇನೇನ್ ಕಟ್ಕಂಡ್ ಬತ್ತೀಯೋ ನಮ್ಗೇನ್ ಗೊತ್ತಾಯ್ತದೆ? ಮಗು ಇಲ್ಲೇ ಇರ್ಲಿ."

ಅವಳು ನನ್ನ ಕಡೆ ನೋಡಲಿಲ್ಲ. ಮೇಡಂ ಹೇಳಿದ್ದಕ್ಕೆ ಮಾಡಿದೆ ಎಂದು ಒಂದು ಮಾತು ಆಡಬಹುದಿತ್ತು. ಆಡಲಿಲ್ಲ. ಮಗುವಿನ ಕೈಯಿಂದ ಜಡೆ ಬಿಡಿಸಿಕೊಳ್ಳಲು ಹೋದಳು, ಅದು ಕೊಡಲಿಲ್ಲ. ಬೆರಳು ಒಂದೊಂದೇ ಬಿಡಿಸಿದಳು.

ವಾಪಸು ಬರುವಾಗ ಬಸ್ಸು ಅರ್ಧ ಖಾಲಿ ಇತ್ತು. ಹಳೇಬೀಡು ದಾಟಿದ ಮೇಲೆ ಅವಳು ಕೂದಲಲ್ಲಿ ಉಳಿದಿದ್ದ ಪಿನ್‌ಗಳನ್ನು ಒಂದೊಂದಾಗಿ ತೆಗೆದು ನನ್ನ ಅಂಗೈಯಲ್ಲಿಟ್ಟಳು. ಕೊನೆಯದನ್ನು ಇಟ್ಟು, ಕಿಟಕಿಗೆ ತಲೆ ಒರಗಿಸಿದಳು. ಸಾರಿ ಎನ್ನುವ ಶಬ್ದ ನನ್ನ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರುತ್ತಿತ್ತು, ಕಾಲು ತಗುಲಿದರೆ ಸಾರಿ, ಲೋಟ ಜಾರಿದರೆ ಸಾರಿ. ಅವತ್ತು ಬರಲಿಲ್ಲ.

ದೀಪಾವಳಿಯ ತನಕ ಅವಳು ನನ್ನಲ್ಲಿದ್ದಳು. ಕೆಲಸದಲ್ಲಿ ಏನೂ ಕೊರತೆ ಮಾಡಲಿಲ್ಲ, ಅದು ಇನ್ನೂ ಕಷ್ಟವಾಗಿತ್ತು. ಕೂದಲು ಗಂಟು ಹಾಕುವಷ್ಟಾದಾಗ, ಊರಿಗೇ ಹೋಗಿಬಿಡುತ್ತೇನೆ ಎಂದಳು. ಮಗಳ ಜೊತೆ ಇರಬೇಕೆಂದರೆ ಆ ಮನೆಯಲ್ಲೇ ಇರಬೇಕು, ಪಾರ್ಲರ್ ಕೆಲಸ ಬಿಡಬೇಕು ಎಂದು ಅತ್ತೆ ಹೇಳಿದ್ದರಂತೆ. ಡ್ರಾಯರ್ ತೆಗೆದು ಜಡೆ ಅವಳ ಮುಂದೆ ಹಿಡಿದೆ.

"ಇಟ್ಕೊಳ್ಳಿ ಮೇಡಂ. ಯಾರ್ಗಾದ್ರೂ ಆಯ್ತದೆ."

ಯಾರಿಗೂ ನಾನು ಅದನ್ನು ಕಟ್ಟಲಿಲ್ಲ. ಗೋಡೆಯ ಚಾರ್ಟನ್ನು ಮಾತ್ರ ತಕ್ಷಣ ತೆಗೆಯಲಿಲ್ಲ. ಇನ್ನೂ ನಾಲ್ಕು ವರ್ಷ ಇತ್ತು, ನನ್ನ ಕೂದಲಿಗೆ ಬರ್ಗಂಡಿ ಬಣ್ಣವೂ ಬಂದು ಹೋಯಿತು. ಒಂದು ಶ್ರಾವಣ ಕನ್ನಡಿಯಲ್ಲಿ ನನ್ನನ್ನು ನಾನೇ ನೋಡಿಕೊಂಡಾಗ ಯಜಮಾನರ ಪ್ರಶ್ನೆ ನೆನಪಾಯಿತು. ಆ ಹೊತ್ತಿಗೆ ಅವರು ತೀರಿಕೊಂಡಿದ್ದರು. ಬಣ್ಣ ಹಚ್ಚುವುದು ಬಿಟ್ಟೆ, ಆಮೇಲೆ ಪಾರ್ಲರ್ ಕೂಡ ಬಿಟ್ಟೆ.

ಅವಳನ್ನು ಕೊನೆಯ ಸಲ ಕಂಡದ್ದು ಹಳೇಬೀಡಿನಲ್ಲಿ, ಬಸ್ಸು ನಿಲ್ಲುವ ಕಡೆ. ಬೇಲೂರಿನಲ್ಲಿ ಒಂದು ಮದುವೆ ಮುಗಿಸಿಕೊಂಡು ಬರುತ್ತಿದ್ದೆ. ನಮ್ಮ ಬಸ್ಸು ಅಲ್ಲಿ ಕೆಟ್ಟು ನಿಂತು, ಎಲ್ಲರನ್ನೂ ಇಳಿಸಿದರು. ಕಲ್ಲು ಬೆಂಚಿನ ಮೇಲೆ ಕೂತಿದ್ದಾಗ ಯಾರೋ ಎದುರು ಬಂದು ನಿಂತರು.

"ಮೇಡಂ, ಇದ್ಯಾವ ಸೀಸನ್ನು?"

ನನ್ನ ಬಿಳಿ ತಲೆ ನೋಡುತ್ತಿದ್ದಳು. ಅವಳ ಜಡೆ ಮತ್ತೆ ಬೆಳೆದಿತ್ತು, ಮೊದಲಿನಷ್ಟಿಲ್ಲ. ಪಕ್ಕದಲ್ಲಿ ಹೈಸ್ಕೂಲ್ ಯೂನಿಫಾರ್ಮಿನಲ್ಲಿ ಮಗಳು. ಅಮ್ಮನಿಗಿಂತ ಎತ್ತರ, ಎರಡು ಜಡೆ. ನಾನು ಯಾರೆಂದು ಆ ಹುಡುಗಿಗೆ ನೆನಪಿದ್ದಂತಿರಲಿಲ್ಲ. ಅತ್ತೆ ಇದ್ದಾರೆ, ಈಗ ಹಾಸಿಗೆ ಹಿಡಿದಿದ್ದಾರೆ ಎಂದಳು. ತಾನು ಸೀರೆಗೆ ಫಾಲ್ ಹಚ್ಚುತ್ತೇನೆ, ಅದಕ್ಕೇ ಹಳೇಬೀಡಿಗೆ ಬಂದದ್ದು ಎಂದು ಕೈಚೀಲ ತೋರಿಸಿದಳು. ನನ್ನ ಮುಖದ ಹತ್ತಿರ ಬಾಗಿ ನೋಡಿ, "ಹುಬ್ಬು ಏನ್ ಮೇಡಂ ಹಿಂಗೆ ಬಿಟ್ಟಿದ್ದೀರಿ" ಎಂದು ಚೀಲದಿಂದ ದಾರದ ಉಂಡೆ ತೆಗೆದಳು.

"ಇಲ್ಲಿ ಬೇಡ ಕಣವ್ವ, ಎಲ್ರೂ ನೋಡ್ತಾರೆ" ಎಂದಳು ಮಗಳು.

"ನೋಡ್ಲಿ ಬಿಡು. ಮೇಡಂ, ಚರ್ಮ ಎಳ್ದು ಹಿಡ್ಕೊಳ್ಳಿ."

ನಾನು ಕಣ್ಣು ಮುಚ್ಚಿ ಎರಡು ಬೆರಳಿನಿಂದ ರೆಪ್ಪೆ ಎಳೆದು ಹಿಡಿದೆ. ಸರಸರ ಎಂದು ದಾರ ಓಡಿತು. ಕೈ ಒಂದಿಷ್ಟೂ ಮರೆತಿರಲಿಲ್ಲ. ಬಲಗಡೆಯದು ಮುಗಿದು, ಎಡಗಡೆಗೆ ದಾರ ಬದಲಿಸುವಾಗ ನಾನು ಶುರು ಮಾಡಿದೆ. "ಅವತ್ತು ನಿಮ್ಮತ್ತೆ ಮುಂದೆ ನಾನು ಹೇಳಬೇಕಿತ್ತು..."

"ಮಾತಾಡ್‌ಬೇಡಿ ಮೇಡಂ" ಎಂದಳು. "ಚರ್ಮ ಅಲ್ಲಾಡುತ್ತೆ."

ದಾರದ ತುದಿ ಹಲ್ಲಿಗೆ ಕಚ್ಚಿಕೊಂಡಳು. ಅಷ್ಟರಲ್ಲಿ ಬದಲಿ ಬಸ್ಸು ಬಂದು ನಿಂತಿತು, ಅರಸೀಕೆರೆಯವರು ಹತ್ತಿ ಎಂದು ಕಂಡಕ್ಟರ್ ಅವಸರ ಮಾಡಿದ. ನಾನು ಎದ್ದೆ, ಜನ ತಳ್ಳಿದರು, ಸೀಟು ಸಿಕ್ಕಿ ಕಿಟಕಿಯಿಂದ ಹೊರಗೆ ನೋಡಿದಾಗ ಅವಳು ಬೆಂಚಿನ ಹತ್ತಿರವೇ ಇದ್ದಳು. ಮಗಳು ಅವಳ ಸೆರಗು ಹಿಡಿದು ಎಳೆಯುತ್ತಿದ್ದಳು. ಎರಡು ಕೈಯ ನಡುವೆ ದಾರ ಹಾಗೇ ಬಿಗಿಯಾಗಿತ್ತು, ತುದಿ ಹಲ್ಲಿನಲ್ಲಿತ್ತು. ನನ್ನ ಎಡಹುಬ್ಬಿನ ಕಡೆ ಗದ್ದ ಎತ್ತಿ ತೋರಿಸಿದಳು, ಅದು ಉಳಿಯಿತು ಎನ್ನುವ ಹಾಗೆ.